ಕೊಳವೆಯಷ್ಟು ದೂರ

ಕೂಸಿನ ಪಕ್ಕೆಲುಬಿನ ಸಂದಿಯಿಂದ ಹೊರಟ ರಬ್ಬರ್ ಕೊಳವೆ ಮಂಚದ ಅಂಚು ದಾಟಿ, ನೆಲದ ಮೇಲಿಟ್ಟ ಗಾಜಿನ ಬಾಟ್ಲಿಯ ನೀರಿನೊಳಗೆ ಇಳಿದಿತ್ತು. ಕೂಸು ಉಸಿರೆಳೆದಾಗ ಕೊಳವೆಯ ಗಾಜಿನ ತುದಿಯೊಳಗೆ ನೀರು ತುಸು ಮೇಲೇರುವುದು, ಬಿಟ್ಟಾಗ ಇಳಿಯುವುದು. ಜಲಜಳಿಗೆ ಈಗ ಲೋಕವೆಂದರೆ ಆ ಕೊಳವೆ ಎಷ್ಟು ದೂರ ಬಿಡುತ್ತದೋ ಅಷ್ಟೇ. ಹಾಲೂಡಿಸಬೇಕಾದರೆ ಅವಳೇ ಕೂಸಿನ ಮೇಲೆ ಬಾಗಬೇಕು, ಎತ್ತಿಕೊಳ್ಳುವ ಹಾಗಿಲ್ಲ. ಬಾಟ್ಲಿಯನ್ನು ಮೇಲೆತ್ತಿದರೆ ನೀರು ತಿರುಗಿ ಎದೆಗೇ ಹೋಗುತ್ತದೆ ಎಂದು ನರ್ಸಮ್ಮ ಮೊದಲೇ ಹೆದರಿಸಿಟ್ಟಿದ್ದಳು. ಅಂದಿನಿಂದ ಕಸ ಗುಡಿಸುವವಳು ಪೊರಕೆ ಹಿಡಿದು ಬಂದರೆ ಸಾಕು, ಜಲಜ ಬಾಟ್ಲಿಗೆ ಕಾಲು ಅಡ್ಡ ಇಟ್ಟುಕೊಂಡು ಕೂರುವಳು.

ಲಿಂಗನಮಕ್ಕಿ ಕಟ್ಟೆಗೆ ನೀರು ನಿಂತ ಮರುವರ್ಷದ ಮಾತು. ಹೊಸನಗರದ ಕಡೆಯ ಕೆಸವಿನಮನೆ ಎಂಬ ಊರಿನಿಂದ ಅವಳು ಕೂಸನ್ನು ತೀರ್ಥಹಳ್ಳಿಯ ಆಸ್ಪತ್ರೆಗೆ ಹೊತ್ತು ತಂದಾಗ ಅದಕ್ಕೆ ಕೆಂಡದಂಥ ಜ್ವರ, ಮೂಗಿನ ಹೊಳ್ಳೆ ಅರಳಿಸಿ ಏದುಸಿರು. ಡಾಕ್ಟರ್ ಇಂದ್ರಕುಮಾರರು ಪೆನ್ಸಿಲಿನ್ ಚುಚ್ಚಿದರು. ಆ ಕಾಲಕ್ಕೆ ಪೆನ್ಸಿಲಿನ್ ಅಂದರೆ ಯಮನನ್ನೇ ಹೊಸ್ತಿಲಾಚೆ ನಿಲ್ಲಿಸುವ ಮದ್ದು. ಈ ಕೂಸಿಗೆ ಮಾತ್ರ ಅದು ನಾಟಲಿಲ್ಲ. ಎದೆಯಲ್ಲಿ ಕೀವು ತುಂಬಿತು, ಕೊಳವೆ ಹಾಕಬೇಕಾಯಿತು. ಆ ಕೀವನ್ನು ಒಂದಿಷ್ಟು ಸೀಸೆಗೆ ಹಾಕಿ, ಆಗುಂಬೆ ಘಾಟಿ ಇಳಿಯುವ ಬಸ್ಸಿನಲ್ಲಿ ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಪರೀಕ್ಷೆಗೆ ಕಳಿಸಿದ್ದರು.

ಪರೀಕ್ಷೆಯ ವರದಿ ಬಂದ ಬೆಳಿಗ್ಗೆ ಡಾಕ್ಟರು ಬಂದವರು ಎಂದಿನಂತೆ ನಿಂತೇ ನೋಡಿ ಹೋಗಲಿಲ್ಲ. ಸ್ಟೂಲು ಎಳೆದುಕೊಂಡು ಕೂತರು.

"ಜಲಜಮ್ಮ, ಕೂಸನ್ನ ಮುಟ್ಟಿ ಮಾಡುವವರಲ್ಲಿ ಯಾರಿಗಾದ್ರೂ ಕುರು ಆಗಿತ್ತಾ? ಕೀವು ಸೋರುವ ಗಾಯ ಏನಾದ್ರೂ?"

"ಎಂತಕ್ಕೆ ಡಾಕ್ಟ್ರೇ?"

"ಕುರು ಮಾಡುವ ಹುಳವೇ ಇದರ ಎದೆಗೆ ಇಳಿದಿದೆ. ಕಣ್ಣಿಗೆ ಕಾಣುವ ಹುಳ ಅಲ್ಲ ಅದು."

ಪಕ್ಕದ ಮಂಚದ ಪ್ರಭಾವತಮ್ಮ, ಹಲಸಿನ ಮರದಿಂದ ಬಿದ್ದು ಕೈ ಮುರಿದುಕೊಂಡ ಮಗನಿಗೆ ಗಾಳಿ ಹಾಕುತ್ತಿದ್ದವಳು, ಬೀಸಣಿಗೆ ನಿಲ್ಲಿಸಿದಳು. "ಮತ್ತೆ ಪೆನ್ಸಿಲಿನ್ನಿಗೆ ಅದು ಸಾಯಬೇಕಿತ್ತಲ್ಲ ಡಾಕ್ಟ್ರೇ?"

"ಸಾಯಬೇಕಿತ್ತು. ಆದ್ರೆ ಸಾವಿರಾರು ಹುಳದಲ್ಲಿ ಎಲ್ಲೋ ಒಂದಕ್ಕೆ ಆ ಮದ್ದನ್ನೇ ಮುರಿದು ಹಾಕುವ ಗುಣ ಇರ್ತದೆ. ಅರ್ಧಂಬರ್ಧ ಮದ್ದು ಮಾಡಿದ್ರೆ ಪಾಪದವೆಲ್ಲ ಸಾಯ್ತವೆ, ಅದೊಂದು ಉಳೀತದೆ. ಆಮೇಲೆ ಹುಟ್ಟುವುದೆಲ್ಲ ಅದರ ಸಂತಾನವೇ, ಅದಕ್ಕೆಲ್ಲ ಅದೇ ಗುಣ. ಈಗ ಓದಿದವರು ಇನ್ನೂ ಒಂದು ಕಂಡು ಹಿಡಿದಿದ್ದಾರೆ. ಸಂತಾನಕ್ಕೆ ಮಾತ್ರ ಅಲ್ಲ, ಪಕ್ಕದಲ್ಲಿರೋ ಬೇರೆ ಹುಳಕ್ಕೂ ಆ ಗುಣ ದಾಟಿಸ್ತವಂತೆ."

"ನಮ್ಮ ಓರಗಿತ್ತಿ ಉಪ್ಪಿನಕಾಯಿಯ ಹದ ಸಹ ಪಕ್ಕದವರಿಗೆ ಹೇಳಿಕೊಡೋದಿಲ್ಲ," ಅಂದಳು ಪ್ರಭಾವತಮ್ಮ. "ಅವಳಿಗಿಂತ ಈ ಹುಳಗಳೇ ವಾಸಿ."

ಡಾಕ್ಟರಿಗೆ ನಗು ಬಂತು, ಬಂದಷ್ಟೇ ಬೇಗ ಹೋಯಿತು. "ಶಿವಮೊಗ್ಗದಿಂದ ಬೇರೆ ಮದ್ದು ತರಿಸ್ತಾ ಇದ್ದೀನಿ. ಅದಕ್ಕೆ ಬಗ್ಗಬಹುದು. ಆದ್ರೆ ಆ ಕುರು ಯಾರದ್ದೋ ಅವರ ಕೈ ಮತ್ತೆ ಇದಕ್ಕೆ ತಾಗಬಾರದು. ಬೇರೆ ಎಳೆಗೂಸಿಗೂ ತಾಗಬಾರದು. ಯಾರು ಹೇಳಿ."

ಜಲಜಳಿಗೆ ಆಗಲೇ ಗೊತ್ತಾಗಿತ್ತು. ಆದರೂ "ಯಾರೂ ಇಲ್ಲ," ಅಂದಳು.

ಕೆಸವಿನಮನೆಯಲ್ಲಿ ಹುಟ್ಟಿದ ಕೂಸುಗಳಿಗೆಲ್ಲ ನೀರು ಹಾಕುವವಳು ದುಗ್ಗಮ್ಮ. ಬಚ್ಚಲಲ್ಲಿ ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿ, ಎಣ್ಣೆ ತಿಕ್ಕಿ, ಬಿಸಿನೀರು ಹೊಯ್ದು, ಕೊನೆಗೆ ಬಾಯಿಗೆ ಬೆರಳು ಹಾಕಿ ಕಫ ತೆಗೆದು, ಮೂಗಿಗೆ ಉಫ್ ಎಂದು ಊದುವಳು. ಜಲಜಳ ಗಂಡ ವಾಸಪ್ಪನೂ ಆ ಕಾಲ ಮೇಲೇ ಅತ್ತು ದೊಡ್ಡವನಾದವನು. ಅತ್ತೆ ಮಹಾಲಕ್ಷ್ಮಮ್ಮ ಊರಲ್ಲಿ ಎದುರು ಮಾತಾಡದೆ ಕೇಳುತ್ತಿದ್ದದ್ದು ದುಗ್ಗಮ್ಮನ ಮಾತೊಂದೇ. ಬಾಣಂತನದಲ್ಲಿ ಅತ್ತೆಯ ಕಣ್ಣು ತಪ್ಪಿಸಿ ಜಲಜಳಿಗೆ ತುಪ್ಪದನ್ನದ ಇನ್ನೊಂದು ತುತ್ತು ತಿನ್ನಿಸಿದವಳೂ ಅವಳೇ.

ಆ ದುಗ್ಗಮ್ಮನ ಬಲಗೈಯ ತೋರುಬೆರಳಿಗೆ ಉಗುರುಸುತ್ತು. ಬಾತುಕೊಂಡಾಗ ಪೇಟೆಯ ಕಾಂಪೌಂಡರ್ ಶಂಭುವಿನ ಹತ್ತಿರ ಒಂದು ಪೆನ್ಸಿಲಿನ್ ಸೂಜಿ ಹಾಕಿಸಿಕೊಳ್ಳುವಳು. ನೋವು ಇಳಿದ ಮೇಲೆ ಆ ಕಡೆ ತಲೆ ಹಾಕುತ್ತಿರಲಿಲ್ಲ. ನೀರು ಹಾಕುವಷ್ಟು ಬೆರಳು ಮಡಚಿದರೆ ಅವಳ ಪಾಲಿಗೆ ಅದು ವಾಸಿ. ಮತ್ತೆ ಬಾತರೆ ಮತ್ತೊಂದು ಸೂಜಿ.

ಹೇಳಿದರೆ ಕೆಸವಿನಮನೆಯಲ್ಲಿ ಜಲಜಳಿಗೆ ಬಾಳು ಉಂಟೆ? ದುಗ್ಗಮ್ಮನ ಕೈಗೆ ಹೆಸರಿಟ್ಟ ಸೊಸೆ ಅನ್ನುವರು. ಹೇಳದಿದ್ದರೆ? ಕೊಳವೆಯ ನೀರು ಮೇಲೇರಿತು, ಇಳಿಯಿತು. ಏನಾದರೂ ಆಗಲಿ, ತಾನು ಇಲ್ಲಿಂದ ಏಳುವ ಹಾಗಿಲ್ಲ, ದುಗ್ಗಮ್ಮ ಊರಲ್ಲಿದ್ದಾಳೆ, ಕೂಸು ದೂರವೇ ಉಳಿಯಿತಲ್ಲ ಎಂದು ಮನಸ್ಸಿಗೆ ಹೇಳಿಕೊಂಡಳು.

ಊಟದ ಹೊತ್ತಿಗೆ ಹೊಸನಗರದ ಬಸ್ಸು ಬಂತು. ಬಾಗಿಲಲ್ಲಿ ವಾಸಪ್ಪ, ಅವನ ಹಿಂದೆ ಎಣ್ಣೆಸೀಸೆ ಸೆರಗಲ್ಲಿ ಸುತ್ತಿಕೊಂಡ ದುಗ್ಗಮ್ಮ.

"ಶರಾವತಿ ಹೆತ್ತಳು ಕಣೆ! ಗಂಡು!" ಅಂದ ವಾಸಪ್ಪ. ಸಾಗರಕ್ಕೆ ಕೊಟ್ಟ ತಂಗಿ ಬಾಣಂತನಕ್ಕೆ ತವರಿಗೆ ಬಂದಿದ್ದಳು. "ನಾಳೆಯಿಂದ ಅದಕ್ಕೆ ನೀರು ಹಾಕಬೇಕು. ಅದಕ್ಕೆ ಮುಂಚೆ ಇದಕ್ಕೊಂದು ಸಲ ಎಣ್ಣೆ ತಿಕ್ಕಿ ಬರಲಿ ಅಂತ ಅವ್ವನೇ ಕಳಿಸಿದ್ಳು."

"ಎಂತ ಆಗಿಹೋಯ್ತೋ ನನ್ನ ಬಂಗಾರಕ್ಕೆ," ಎನ್ನುತ್ತ ದುಗ್ಗಮ್ಮ ಬೆರಳಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿ, ಕೈ ಚಾಚಿದಳು. ಕೂಸಿನ ಮುಖ ಕಂಡರೆ ಆ ಬಟ್ಟೆ ಬಿಚ್ಚುವುದು ಅವಳ ಕೈಗೆ ಅಷ್ಟು ರೂಢಿ.

ಜಲಜ ಮಂಚಕ್ಕೆ ಅಡ್ಡ ಬಗ್ಗಿ ಎರಡೂ ತೋಳು ಚಾಚಿದಳು. ಕಾಲಡಿ ಬಾಟ್ಲಿ ಕಿಣಿ ಅಂದಿತು.

"ಮುಟ್ಟಬೇಡಿ ಅಜ್ಜಿ!"

ವಾರ್ಡಿನಲ್ಲಿ ಎಲ್ಲರೂ ತಿರುಗಿ ನೋಡಿದರು.

"ತಲೆ ಕೆಟ್ಟಿದೆಯೇನೆ ನಿಂಗೆ?" ಅಂದ ವಾಸಪ್ಪ. "ಊರಿಗೆ ಊರೇ ಮಿಂದಿದೆ ಈ ಕೈಯಲ್ಲಿ. ನಾನು ಸತ್ತಿದೀನಾ?"

"ಆಗ ಈ ಉಗುರುಸುತ್ತು ಇರಲಿಲ್ಲ. ಡಾಕ್ಟ್ರು ಹೇಳಿದಾರೆ. ಕೂಸಿನ ಎದೆಯಲ್ಲಿರೋದು ಕುರುವಿನ ಹುಳ. ಸೂಜಿ ಹಾಕಿಸಿ ಹಾಕಿಸಿ ಮದ್ದಿಗೆ ಬಗ್ಗದ ಹಾಗಾದ ಹುಳ." ಅವಳು ದುಗ್ಗಮ್ಮನ ಮುಖ ನೋಡಲಾರದೆ ಆ ಬೆರಳನ್ನೇ ನೋಡಿ ಹೇಳಿದಳು. "ನಾನು ಬೆಳಿಗ್ಗೆ ಯಾರೂ ಇಲ್ಲ ಅಂದೆ. ಸುಳ್ಳು ಹೇಳಿದೆ ಅಜ್ಜಿ."

"ಅವ್ವನ ಮುಂದೆ ಇದನ್ನೇ ಹೇಳು, ನೋಡುವ," ಅಂದ ವಾಸಪ್ಪ.

ದುಗ್ಗಮ್ಮ ಅವನಿಗೆ ಕಣ್ಣಲ್ಲೇ ಸುಮ್ಮನಿರು ಅಂದಳು. ಬೆರಳನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಉಗುರಿನ ಬುಡ ಕೆಂಪಗೆ, ಒತ್ತಿದರೆ ಹಳದಿ ಹನಿ. ತುಂಬ ಹೊತ್ತು ನೋಡಿದಳು. ಆಮೇಲೆ ಬಾಟ್ಲಿಯ ತಳದಲ್ಲಿ ನಿಂತ ಕೀವನ್ನು ನೋಡಿದಳು.

"ಇದನ್ನೇ ಅದರ ಬಾಯಿಗೆ ಹಾಕಿದ್ದೆ ನಾನು," ಅಂದಳು. ವಾಸಪ್ಪನ ಕಡೆ ತಿರುಗಿದಳು. "ವಾಸೂ, ಶರಾವತಿ ಕೂಸಿಗೆ ನಾಳೆ ನೀರು ಹಾಕೋರು ಯಾರು ಹಾಗಾದ್ರೆ?"

"ನೀವಲ್ಲದೆ ಇನ್ಯಾರು?"

"ನಾನಲ್ಲ. ನಿನ್ನ ಅವ್ವನೇ ಹಾಕಲಿ, ಕೈಯಿದೆ ಅವಳಿಗೂ. ಬಾಯಿಗೆ ಬೆರಳು ಬೇಡ, ಊದೋದೂ ಬೇಡ. ದುಗ್ಗಿ ಹೇಳಿ ಕಳಿಸಿದಾಳೆ ಅನ್ನು. ಜಲಜನ ಹೆಸರು ಎತ್ತಿದ್ರೆ ನೋಡು ಮತ್ತೆ." ಅವಳು ಎಣ್ಣೆಸೀಸೆಯನ್ನು ಅವನ ಕೈಗೆ ತುರುಕಿದಳು. "ಬಸ್ಸು ತಪ್ಪಿಸಬೇಡ, ಹೋಗು."

ಸಂಗತಿ ಕೇಳಿದ ಡಾಕ್ಟರು ದುಗ್ಗಮ್ಮನ ಉಗುರುಸುತ್ತು ಕೊಯ್ದು ಕೀವು ತೆಗೆದರು. ಪೂರ್ತಿ ಒಣಗುವ ತನಕ ಊರಿಗೆ ಹೋಗಕೂಡದು, ವಾರ್ಡಿನ ಒಳಗೂ ಬರಕೂಡದು ಅಂದರು. ದುಗ್ಗಮ್ಮ ಜಗುಲಿಯಲ್ಲಿ ಚಾಪೆ ಹಾಕಿದಳು. ಅವಳಿಗೆ ಕಿಟಕಿಯ ಸರಳು, ಜಲಜಳಿಗೆ ಕೊಳವೆ.

ಶಿವಮೊಗ್ಗದ ಮದ್ದು ಬಂತು. ಮೊದಲಿಗೆ ಏನೂ ಗೊತ್ತಾಗಲಿಲ್ಲ. ಜಲಜ ಬೆರಳ ತುದಿಯಲ್ಲಿ ಕೂಸಿನ ಪಾದ ತಿಕ್ಕುತ್ತ ಕೂರುವಳು. ಸರಳಿನ ಆಚೆಯಿಂದ ದುಗ್ಗಮ್ಮನ ದನಿ: "ಹೆಣ್ಣೇ, ಕೆಳಗಿಂದ ಮೇಲೆ. ಹೆದರಬೇಡ, ಮುರಿಯೋದಿಲ್ಲ ಅದು."

"ಇಲ್ಲಿಗೂ ಗುರುಗಳು ಬಂದ್ರು," ಅನ್ನುವಳು ಪ್ರಭಾವತಮ್ಮ.

ಒಂದು ಮಧ್ಯಾಹ್ನ ಜಲಜ ನೋಡುತ್ತಾಳೆ, ಕೊಳವೆಯಲ್ಲಿ ಕೀವಿಲ್ಲ, ತಿಳಿ ನೀರಷ್ಟೇ ಏರಿಳಿಯುತ್ತಿದೆ. ಅದೇ ಹೊತ್ತಿಗೆ ಕೂಸು ಬಾಯಿ ತೆರೆದು ಅತ್ತಿತು. ಬಂದಂದಿನಿಂದ ನರಳಿತ್ತೇ ಹೊರತು ಅತ್ತಿರಲಿಲ್ಲ. ವಾರ್ಡು ತುಂಬುವ ಅಳು.

ದುಗ್ಗಮ್ಮ ಜಗುಲಿಯಲ್ಲಿ ತಟ್ಟನೆ ಎದ್ದಳು. ಬಲಗೈ ತಾನೇ ತಾನಾಗಿ ಸರಳಿನ ಸಂದಿಯಿಂದ ಒಳಗೆ ಬಂತು. ಅಲ್ಲೇ ನಿಂತಿತು. ಅವಳು ಅದನ್ನು ಹಿಂದಕ್ಕೆಳೆದುಕೊಂಡು ಕಂಕುಳಲ್ಲಿ ಒತ್ತಿ ಹಿಡಿದಳು.

"ಅಳಲಿ ಬಿಡು," ಅಂದಳು. "ಎತ್ತಬೇಡ. ಅಳಲಿ."