ಮಾದಿ ಹೊಸೆದ ಹಗ್ಗ

ನೀರಿಗಿಳಿಯುವ ಮೊದಲು ಒಂದು ಕಾಗದ ತುಂಬಬೇಕಂತೆ. ಆಸ್ತಮಾ ಇದೆಯೇ, ಬಿ.ಪಿ. ಇದೆಯೇ, ಕಿವಿ ಸೋರುತ್ತದೆಯೇ, ಮೂರ್ಛೆ ಬರುತ್ತದೆಯೇ. ಮಹದೇವಿ ಒಂದೊಂದನ್ನೇ ಓದಿ ಹೇಳಿದಳು, ದೊರೆಸ್ವಾಮಿ ಎಲ್ಲಕ್ಕೂ ಇಲ್ಲ ಇಲ್ಲ ಎನ್ನುತ್ತ ಹೋಗಿ ಕೊನೆಗೆ ರುಜು ಹಾಕಿದ. ಎದೆಯೊಳಗೆ ಸುಳ್ಳೊಂದನ್ನು ಇಟ್ಟುಕೊಂಡಿದ್ದೀಯಾ ಎಂದು ಆ ಕಾಗದ ಕೇಳಿರಲಿಲ್ಲ. ಪುಣ್ಯ!

ದೊರೆಸ್ವಾಮಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡಿನವನು, ಕಾಡೊಳಗಿನ ಆ ಹಾಡಿಯಲ್ಲೇ ಬೆಳೆದವನು, ಅರಣ್ಯ ಇಲಾಖೆಯ ವಾಚರ್. ಹುಲಿಯ ಹೆಜ್ಜೆ ನೋಡಿ ಗಂಡೋ ಹೆಣ್ಣೋ ಹೇಳಬಲ್ಲ ಗಟ್ಟಿಗ. ಅಂಥವನು ಅಂಡಮಾನಿನ ಒಂದು ದ್ವೀಪದಲ್ಲಿ, ಮೈಗಂಟಿದ ರಬ್ಬರ್ ಅಂಗಿಯೊಳಗೆ ಉಸಿರು ಬಿಗಿಹಿಡಿದು ನಿಂತಿದ್ದಾನೆಂದರೆ ಅದಕ್ಕೆ ಹೆಂಡತಿಯೇ ಕಾರಣ. ಮಹದೇವಿ ಯಳಂದೂರಿನ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ಜೊತೆಯ ನರ್ಸ್ ರಮ್ಯ ಇಲ್ಲಿಗೆ ಬಂದುಹೋಗಿ, ಸಮುದ್ರದೊಳಗಿನ ಮೀನುಗಳನ್ನು ಮೊಬೈಲಿನಲ್ಲಿ ತೋರಿಸಿದ್ದೇ ತಡ, ಇವಳೂ ರಜೆ ಬರೆದುಕೊಟ್ಟಳು. "ನಾವೂ ಓಗ್ಬರವಾ" ಅಂದಳು, ಅಷ್ಟೇ. ಒಂಬತ್ತು ತಿಂಗಳಿಂದ ಗಂಡನೊಡನೆ ಬೇಕಾದಷ್ಟೇ ಮಾತಾಡುತ್ತಿದ್ದ ಹೆಂಗಸು ತಾನಾಗಿ ಒಂದು ಕೇಳಿದಳಲ್ಲ ಎಂದು ಅವನು ಹೂಂ ಅಂದುಬಿಟ್ಟಿದ್ದ.

ಬಂದು ಮೂರು ದಿನವಾಗಿತ್ತು. ಮೊದಲ ದಿನ ಸಣ್ಣ ದೋಣಿಗೆ ತಾವೇ ಹುಟ್ಟುಹಾಕಿಕೊಂಡು ನೀರಿನೊಳಗೆ ಬೇರುಬಿಟ್ಟ ಕಾಡಿನಲ್ಲಿ ತಿರುಗಿದರು. ಎರಡನೆಯ ದಿನ ಗುಡ್ಡ ಹತ್ತಿದರು. ಅಭ್ಯಾಸಬಲ ನೋಡಿ, ದೊರೆಸ್ವಾಮಿ ತಿರುವಿಗೊಂದು ಕಡೆ ನಿಂತು ಆನೆಯ ವಾಸನೆ ಹಿಡಿಯುತ್ತಿದ್ದ. ಹಿಂದೆ ಬರುತ್ತಿದ್ದ ಬೇರೆ ಗಂಡಹೆಂಡಿರು ಇವನನ್ನು ನೋಡಿ ನಕ್ಕರು. ಮಹದೇವಿ ನಗಲಿಲ್ಲ. ಅವಳು ತನ್ನನ್ನು ಇಷ್ಟು ದೂರ ಯಾಕೆ ಕರೆತಂದಳು ಎಂಬ ಯೋಚನೆ ಅವನ ತಲೆಯನ್ನು ಕೊರೆಯುತ್ತಲೇ ಇತ್ತು.

ಕೊರೆಯದೆ ಏನು? ಅವಳ ತಮ್ಮ ಕೇತಯ್ಯ ಸತ್ತದ್ದು ಇವನ ಕೈಯಲ್ಲಿ.

ಅವರ ಪೋಡಿನಲ್ಲಿ ಬಂಡೆಯ ಜೇನು ಕೀಳಲು ಇಳಿಯುವವನ ಹಗ್ಗವನ್ನು ಹೆಂಡತಿಯ ಅಣ್ಣನೋ ತಮ್ಮನೋ ಹಿಡಿಯಬೇಕು. ಒಡಹುಟ್ಟಿದವಳ ತಾಳಿ ಹೋಗಲು ಯಾವನೂ ಬಿಡುವುದಿಲ್ಲ ಎಂಬ ನಂಬಿಕೆ. ಹಾಗಾಗಿ ಆರು ವರ್ಷ ದೊರೆಸ್ವಾಮಿ ಇಳಿದ, ಕೇತಯ್ಯ ಹಿಡಿದ. ಹೋದ ಬೇಸಿಗೆಯಲ್ಲಿ ದೊರೆಸ್ವಾಮಿಯ ಕಾಲು ಉಳುಕಿತ್ತು. "ಬಾವ, ಈ ಸಲ ನಾ ಇಳಿತೀನಿ, ನೀ ಇಡ್ಕ" ಅಂದ ಕೇತಯ್ಯ. ಅವನಿಗಿನ್ನೂ ಮದುವೆಯಿಲ್ಲ, ಹಗ್ಗ ಹಿಡಿಯಲು ಹೆಂಡತಿಯ ತಮ್ಮನನ್ನು ಎಲ್ಲಿಂದ ತರುವುದು? ಅವನ ತಾಯಿ ಮಾದಿ ತಾನೇ ಹೊಸೆದ ನಾರಿನ ಹಗ್ಗವನ್ನು ಕೊಟ್ಟು ಕಳಿಸಿದಳು. ಮರಕ್ಕೊಂದು ಸುತ್ತು ಹಾಕಿ ದೊರೆಸ್ವಾಮಿ ಹಗ್ಗ ಬಿಡುತ್ತ ಬಂದ. ಕೆಳಗಿಂದ ಎದ್ದ ಜೇನು ಇವನ ಮುಖಕ್ಕೇ ಮುತ್ತಿತು. ಎಡಗೈ ತಾನಾಗಿ ಕಣ್ಣಿಗೆ ಹೋಯಿತು. ಬಲಗೈ ಒಂದಕ್ಕೆ ಹಗ್ಗ ನಿಲ್ಲಲಿಲ್ಲ.

ಓಡಿಬಂದ ಪೋಡಿನವರು ಏನಾಯ್ತು ಎಂದಾಗ ಅವನ ಬಾಯಿಂದ ಬಂದದ್ದು ಬೇರೆ. "ಯೆಲ್ಡೂ ಕೈಲಿ ಇಡ್ಕಂಡಿದ್ದೆ. ಅಗ್ಗದ ಎಳೆ ಬಿಟ್ಕಂಡು ಜಾರೋಯ್ತು." ಹಗ್ಗವನ್ನು ಕೇತಯ್ಯನ ಜೊತೆಗೇ ಮಣ್ಣು ಮಾಡಿದರು. ಎಳೆ ಬಿಟ್ಟಿತ್ತೋ ಇಲ್ಲವೋ ಯಾರೂ ನೋಡಲಿಲ್ಲ. ಅಂದಿನಿಂದ ಮಾದಿ ನಾರು ಮುಟ್ಟಿಲ್ಲ. ಮೇಕೆ ಕಟ್ಟುವ ಹಗ್ಗವನ್ನೂ ಸಂತೆಯಿಂದ ತರಿಸುತ್ತಾಳೆ, ಪ್ಲಾಸ್ಟಿಕ್ಕಿನದು. ಕೂತಲ್ಲಿ ಕೂತು ತನ್ನ ಬೆರಳುಗಳನ್ನೇ ನೋಡಿಕೊಳ್ಳುತ್ತಾಳೆ. ಅಯ್ಯೋ, ಅತ್ತೆಯ ಆ ಬೆರಳುಗಳನ್ನು ಕಂಡಾಗೆಲ್ಲ ದೊರೆಸ್ವಾಮಿ ಎದ್ದು ಹೊರಗೆ ಹೋಗುತ್ತಿದ್ದ. ಆದರೂ ಬಾಯಿ ಬಿಡಲಿಲ್ಲ, ಹೇಡಿ.

ಇವರನ್ನೂ ಇನ್ನೊಂದು ಜೋಡಿಯನ್ನೂ ಹೊತ್ತ ದೋಣಿ ದಡದಿಂದ ಸ್ವಲ್ಪ ದೂರ ಹೋಗಿ ಲಂಗರು ಹಾಕಿತು. ನೀರಿಗೆ ಇಳಿಸುವವರು ಇಬ್ಬರು, ಒಬ್ಬೊಬ್ಬರಿಗೆ ಒಬ್ಬರು, ಮೊದಲ ಸರದಿ ಇವರದು. ಇವನ ಪಾಲಿಗೆ ಬಂದವನು ತಮಿಳಿನವನು, ನರೆತ ಗಡ್ಡದ ಸಮಾಧಾನದ ಮನುಷ್ಯ. ತಮಿಳುನಾಡಿನ ಗಡಿಯ ಪಾಲಾರ್ ಚೆಕ್‌ಪೋಸ್ಟಿನಲ್ಲಿ ಎರಡು ವರ್ಷ ಕೆಲಸ ಮಾಡಿದ್ದ ದೊರೆಸ್ವಾಮಿಗೆ ಅವನ ಮಾತು ಸಲೀಸಾಗಿ ಅರ್ಥವಾಯಿತು. ಬಾಯಲ್ಲಿ ನಳಿಗೆ ಕಚ್ಚಿಕೊಂಡು ಉಸಿರಾಡುತ್ತಲೇ ಇರಬೇಕು, ಯಾವ ಕಾರಣಕ್ಕೂ ಉಸಿರು ಕಟ್ಟಬಾರದು. ಬೆನ್ನಿನ ಸಿಲಿಂಡರನ್ನು ಹಿಂದಿನಿಂದ ತಾನು ಹಿಡಿದೇ ಇರುತ್ತೇನೆ, ಭಯ ಬೇಡ ಎಂದ.

"ನೀವು ಕೈ ಬುಟ್ರೆ?" ಎಂದು ದೊರೆಸ್ವಾಮಿ ತನ್ನ ಅರೆಬರೆ ತಮಿಳಿನಲ್ಲಿ ಕೇಳಿದ.

ಬಿಡುವುದಿಲ್ಲ ಎಂದು ಅವನು ನಕ್ಕ. ಮಹದೇವಿ ಗಂಡನ ಮುಖವನ್ನೊಮ್ಮೆ ನೋಡಿ, ತನ್ನನ್ನು ಇಳಿಸುವವನ ಜೊತೆ ಮೊದಲು ಇಳಿದಳು.

ನೀರಿನೊಳಗೆ ಬೆಳಕಿತ್ತು. ತನ್ನ ಉಸಿರಿನ ಗೊರಗೊರ ಬಿಟ್ಟರೆ ಬೇರೆ ಸದ್ದೇ ಇಲ್ಲ. ಕೆಳಗೆ ಹವಳದ ಪೊದೆ, ಅದರ ಸುತ್ತ ಹಳದಿ ಪಟ್ಟೆಯ ಮೀನುಗಳ ಹಿಂಡು. ಆಚೆ ಮಹದೇವಿ ಕೈ ಚಾಚಿ ತೇಲುತ್ತಿದ್ದಳು. ಎಷ್ಟೋ ತಿಂಗಳ ಮೇಲೆ ಅವನಿಗೆ ಒಂದು ಗಳಿಗೆ ಹಾಯೆನಿಸಿತು. ಅಷ್ಟರಲ್ಲಿ ಹಿಂದಿನವನು ಏನನ್ನೋ ಸರಿಪಡಿಸಲು ಹಿಡಿತ ಬದಲಿಸಿದ. ಕಣ್ಣು ಮಿಟುಕಿಸುವಷ್ಟು ಹೊತ್ತು ಬೆನ್ನ ಮೇಲಿನ ಕೈ ಇರಲಿಲ್ಲ.

ಅಷ್ಟೇ ಸಾಕಾಯಿತು. ಕೇತಯ್ಯನಿಗೂ ಹೀಗೇ ಗೊತ್ತಾಗಿರಬೇಕು. ಮೇಲಿನ ಕೈ ಒಂದು ಕಡಿಮೆಯಾದದ್ದು ಹಗ್ಗದಲ್ಲೇ ತಿಳಿದಿರಬೇಕು. ಬೀಳುವ ಮೊದಲೇ ಅವನಿಗೆ ಗೊತ್ತಿತ್ತು, ಬಾವ ಕೈ ಬಿಟ್ಟ ಎಂದು! ದೊರೆಸ್ವಾಮಿ ಕೈಕಾಲು ಬಡಿದ. ನಳಿಗೆ ಬಾಯಿಂದ ಜಾರಿ ಉಪ್ಪುನೀರು ನುಗ್ಗಿತು. ತಮಿಳಿನವನು ಗಬಕ್ಕನೆ ತಬ್ಬಿ, ನಳಿಗೆಯನ್ನು ಮತ್ತೆ ಬಾಯಿಗಿಟ್ಟು, ಮೆಲ್ಲಗೆ ಮೇಲೆ ತಂದು ದೋಣಿಗೆ ಎಳೆದು ಹಾಕಿದ.

ಅವನು ಅಂಚಿಗೆ ಬಾಗಿ ವಾಂತಿ ಮಾಡಿಕೊಳ್ಳುತ್ತಿದ್ದಾಗ ಮಹದೇವಿಯೂ ಮೇಲೆ ಬಂದಳು. ನಾಡಿ ಹಿಡಿದು ನೋಡಿದಳು, ಬಾಯಿ ತೊಳೆಸಿದಳು, ನೀರು ಕುಡಿಸಿದಳು. ಆಸ್ಪತ್ರೆಯಲ್ಲಿ ಯಾರಿಗಾದರೂ ಮಾಡುವಂತೆಯೇ ಮಾಡಿದಳು. ಅದನ್ನು ಕಂಡೇ ಅವನ ಕಟ್ಟೆ ಒಡೆಯಿತು.

"ನಾ ಕೈ ಬುಟ್ಟೆ ಕಣೆ" ಅಂದ. "ಅಗ್ಗ ಸರ್ಯಾಗೇ ಇತ್ತು. ಕಣ್ಗೆ ಜೇನು ಮುತ್ಕತ್ತು, ಎಡಗೈ ಬುಟ್ಬುಟ್ಟೆ. ನಾನೇ ಕೊಂದೆ ಕೇತನ್ನ."

ದೋಣಿಯಲ್ಲಿದ್ದ ಬೇರೆ ಯಾರಿಗೂ ಕನ್ನಡ ಬಾರದು. ಮಹದೇವಿ ಅವನ ಬಲಗೈಯನ್ನು ತೊಡೆಯ ಮೇಲೆ ಎಳೆದುಕೊಂಡು ಅಂಗೈ ಬಿಡಿಸಿದಳು. ಅಡ್ಡಲಾಗಿ ಹಗ್ಗ ಉಜ್ಜಿದ ಬಿಳಿ ಗೆರೆ. ಆಮೇಲೆ ಎಡಗೈ ಬಿಡಿಸಿದಳು. ಅಲ್ಲಿ ಏನೂ ಇರಲಿಲ್ಲ.

"ನಂಗೊತ್ತು" ಅಂದಳು. "ಅವತ್ತು ಬ್ಯಾಂಡೇಜ್ ಕಟ್ದೋಳು ನಾನಲ್ವಾ? ಒಂದಂಗೈ ಚರ್ಮ ಕಿತ್ತೋಗಿತ್ತು. ಇನ್ನೊಂದ್ಕೆ ಜೇನು ಕುಟ್ಕಿತ್ತು, ಅಷ್ಟೆ. ಯೆಲ್ಡೂ ಕೈಲಿ ಇಡ್ದೋನ ಕೈ ಅಂಗಿರ್ತದಾ?"

ಒಂಬತ್ತು ತಿಂಗಳು! ಒಂದೇ ಒಲೆಯ ಮುಂದೆ ಕೂತು, ಒಂದೇ ಚಾಪೆಯಲ್ಲಿ ಮಲಗಿ, ಇವಳು ಎಲ್ಲವನ್ನೂ ಬಲ್ಲವಳಾಗಿ ಸುಮ್ಮನಿದ್ದಳೇ?

"ಗೊತ್ತಿದ್ದೂ ಯಾಕ್ ಕೇಳ್ನಿಲ್ಲ?"

"ನೀನೇ ಯೋಳ್ಲಿ ಅಂತ ಕಾದೆ. ಪೋಡ್ನಲ್ಲಿ ಯೋಳಕ್ಕೆ ಅಂಜ್ತೀಯ ಅಂತ ಇಲ್ಗಂಟ ಕರ್ಕಬಂದೆ." ಅವಳು ಅವನ ಎಡಗೈಯನ್ನು ಮಡಿಚಿ ಅವನ ಮಡಿಲಿಗೇ ಇಟ್ಟಳು. "ಕಣ್ಗೆ ಜೇನು ಬಿದ್ರೆ ಯಾರ ಕೈಯಾದ್ರೂ ಓಗ್ತದೆ. ಅದ್ಕೆ ನಂಗೆ ಸಿಟ್ಟಿಲ್ಲ, ಸಂಕಟ. ಆದ್ರೆ ನೀನು ಅಗ್ಗದ್ ಮೇಲಾಕ್ದೆ. ಮಗನ್ನ ತಾನೇ ಸಾಯಿಸ್ದೆ ಅಂತ ಅವ್ವ ದಿನಾ ಕೊರಗ್ತಾವ್ಳೆ, ನೀ ನೋಡ್ಕಂಡು ಉಂಡ್ಕಂಡಿದ್ದೆಯಲ್ಲ. ಅದ್ಕೆ ಸಿಟ್ಟು."

ದೊರೆಸ್ವಾಮಿಗೆ ತಲೆ ಎತ್ತಲಾಗಲಿಲ್ಲ.

"ಊರ್ಗೋದ್ ದಿನಾನೇ ಅವ್ವನ ಮುಂದೆ ಯೋಳ್ಬೇಕು ನೀನು. ಪೋಡ್ನೋರೂ ಇರ್ಬೇಕು."

"ಇನ್ಮೇಲೆ ಯಾರೂ ನಂಗೆ ಅಗ್ಗ ಕೊಡಕ್ಕಿಲ್ಲ."

"ಕೊಡ್ದೆ ಓಗ್ಲಿ."

ಅವನು "ಯೋಳ್ತೀನಿ" ಅಂದ. ಹೆಂಡತಿ ನಂಬಿದಳೋ ಇಲ್ಲವೋ ಅವನಿಗೆ ತಿಳಿಯಲಿಲ್ಲ.

ಇಳಿಸುವವರು ದೋಣಿಯಲ್ಲಿದ್ದ ಇನ್ನೊಂದು ಜೋಡಿಯನ್ನು ಕರೆದುಕೊಂಡು ನೀರಿಗಿಳಿದರು. ಅವರು ಬರುವವರೆಗೆ ಬೇಕಾದರೆ ಮೇಲೇ ತೇಲುತ್ತ ಮೀನು ನೋಡಬಹುದು ಎಂದ ದೋಣಿ ನಡೆಸುವವನು. ಟೈರಿನಂಥ ತೇಲುವ ಬಳೆಯೊಂದಿತ್ತು, ಅದಕ್ಕೊಂದು ಉದ್ದ ಹಗ್ಗ. ಹಗ್ಗ ದೋಣಿಯಲ್ಲಿರುವವರ ಕೈಯಲ್ಲಿರಬೇಕು, ಸೆಳೆತ ಜಾಸ್ತಿ ಎಂದು ಅವನು ಕೈಸನ್ನೆ ಮಾಡಿ ತೋರಿಸಿದ.

ಮಹದೇವಿ ಎದ್ದು ತೇಲುವ ಜಾಕೆಟ್ ಬಿಗಿದುಕೊಂಡಳು. ಅವಳಿಗೆ ಈಜು ಬಾರದು. ದೋಣಿಯವನು ಹಗ್ಗ ಹಿಡಿಯಲು ಬಂದ. ಅವಳು ಬೇಡವೆಂದು ತಲೆಯಾಡಿಸಿ, ಅದರ ತುದಿಯನ್ನು ತಂದು ಗಂಡನ ಮಡಿಲಿಗೆ ಹಾಕಿದಳು.

"ಯೆಲ್ಡೂ ಕೈಲಿ ಇಡ್ಕ" ಅಂದಳು.

ಬಳೆ ಹಿಡಿದುಕೊಂಡು ಏಣಿ ಇಳಿದು ಹೋದಳು. ಹಗ್ಗ ಬಿಗಿಯಿತು. ಅಲೆಯೊಂದು ದೋಣಿಗೆ ಬಡಿದು ಉಪ್ಪುನೀರು ನೇರ ಅವನ ಕಣ್ಣಿಗೇ ಸಿಡಿಯಿತು. ಕಣ್ಣು ಉರಿದು ನೀರು ಧಾರಾಕಾರ ಸುರಿಯತೊಡಗಿತು. ಏನೂ ಕಾಣಿಸುತ್ತಿರಲಿಲ್ಲ. ಅವನು ಒರೆಸಿಕೊಳ್ಳಲಿಲ್ಲ.