ಹೆಸರಿಲ್ಲದ ರೋಗಿ

ಅಮೆರಿಕದ ಡೇಟನ್ ಊರಿನ ಹೋಟೆಲೊಂದರಲ್ಲಿ ತುರ್ತು ಕ್ಲಿನಿಕ್ಕಿನ ವೈದ್ಯರಿಗೆ ವಾರ್ಷಿಕ ತರಬೇತಿ ನಡೆದಿತ್ತು. ಪಾಠ ಮಾಡುತ್ತಿದ್ದ ಡಾ. ಡ್ವೇಟ್ ಪರದೆಯ ಮೇಲೆ ತೋರಿಸಿದ ರೋಗಿಗೆ ಗೋಪ್ಯತೆಯ ನಿಯಮದಂತೆ ಹೆಸರಿರಲಿಲ್ಲ. ಮೂವತ್ತಾರರ ಗಂಡಸು, ಮೀನಖಂಡದಲ್ಲಿ ನೋವು, ಸ್ವಲ್ಪ ಏದುಸಿರು. ಉಳುಕೆಂದು ನೋವಿನ ಮಾತ್ರೆ ಕೊಟ್ಟು ಮನೆಗೆ ಕಳಿಸಿದ್ದರು, ಬೆಳಗಾಗುವಷ್ಟರಲ್ಲಿ ಸತ್ತಿದ್ದ.

ವಯಸ್ಸು, ಕಾಲುನೋವು, ಆ ರಾತ್ರಿಯ ಸಾವು ಎಲ್ಲ ಹೊಂದಿದ್ದರಿಂದ, ಸಭೆಯಲ್ಲಿದ್ದ ಡಾ. ಕೋರಾಳಿಗೆ ಅದು ತೀರಿಹೋದ ತನ್ನ ಗಂಡ ಟಾಡ್ ಎಂದು ತಿಳಿಯಿತು. ಮನೆಗೆ ಕಳಿಸಿದವನು ಇದೇ ಡ್ವೇಟ್.

ರೋಗವೇನೆಂದು ಡ್ವೇಟ್ ಕೇಳಿದಾಗ ವೈದ್ಯರೆಲ್ಲ ತಮ್ಮ ಮುಂದಿದ್ದ ಉತ್ತರದ ಗುಂಡಿ ಒತ್ತಿದರು. ಬಹುತೇಕ ಎಲ್ಲರದೂ ಸರಿಯಾಗಿತ್ತು: ಶ್ವಾಸಕೋಶಕ್ಕೆ ಏರಿದ ರಕ್ತದ ಹೆಪ್ಪು.

"ಇಷ್ಟು ಸುಲಭದ್ದು! ಯಾವ ಕತ್ತೆ ಕಣೇ ಇವನನ್ನ ಮನೆಗೆ ಕಳಿಸಿದ್ದು?" ಎಂದು ಕೋರಾಳ ಪಕ್ಕ ಕೂತಿದ್ದ ಗೆಳತಿ ನಕ್ಕಳು.

ಇಂದಾದರೂ ಡ್ವೇಟ್ 'ನಾನೇ' ಎನ್ನಲಿ ಎಂದು ಕೋರಾ ಎದ್ದು ನಿಂತಳು. "ಆ ಡಾಕ್ಟ್ರು ಆಮೇಲೆ ರೋಗಿ ಹೆಂಡ್ತಿ ಹತ್ರ ಒಂದು ಮಾತಾದ್ರೂ ಆಡಿದ್ರಾ, ಡ್ವೇಟ್?"

ಡ್ವೇಟ್ ಅವಳನ್ನು ಗುರುತಿಸಿದ. ಮೈಕು ಸರಿಮಾಡಿಕೊಂಡ.

"ಒಳ್ಳೇ ಪ್ರಶ್ನೆ. ಆದ್ರೆ ಅದು ಇವತ್ತಿನ ಪಾಠದಲ್ಲಿಲ್ಲ."

ಪಾಠ ಮುಗಿಯಿತೆಂದು ಸಭೆ ಚಪ್ಪಾಳೆ ತಟ್ಟಿತು. ಪಕ್ಕದವಳು ಕೋರಾಳ ತೋಳು ಜಗ್ಗಿದಳು.

"ಕೂತ್ಕೊಳೇ, ಊಟಕ್ಕೆ ಹೊತ್ತಾಯ್ತು."