ಹಿಂದೆ ಬಿದ್ದ ಎಸೆತ

ಆ ಕೊಕ್ಕರೆ ನಡೆಯುವುದೇ ಹಾಗೆ, ಒಂದು ಕಾಲೆತ್ತಿ, ಇಡಲೋ ಬೇಡವೋ ಎಂದು ನಿಂತು, ಆಮೇಲೆ ಹುಲ್ಲಿನೊಳಗೆ ಮೆಲ್ಲಗೆ ಇಡುವುದು — ಅಳಿಯನೂ ಬೆಳಗಿನಿಂದ ಅದನ್ನೇ ಮಾಡುತ್ತಿದ್ದಾನೆ, ಬಾಯಿ ತೆರೆಯುತ್ತಾನೆ, ಮುಚ್ಚುತ್ತಾನೆ, ಕೊನೆಗೆ ಗಾಳಿ ಎಡಗಡೆಯಿಂದ ಬರ್ತಾ ಇದೆ ಅತ್ತೆ ಎನ್ನುತ್ತಾನೆ, ಎಲ್ಲಿಯ ಗಾಳಿ, ಬರ್ಚ್ ಮರದ ಒಂದೆಲೆಯೂ ಅಲುಗುತ್ತಿಲ್ಲ, ಪಾಪ ಐವಾರ್, ಸುಳ್ಳು ಹೇಳಲು ಬಾರದವನು, ಇದನ್ನು ನೋಡಿಯೇ ಅಲ್ಲವೆ ಮಗಳನ್ನು ಕೊಟ್ಟದ್ದು, ಕೊಟ್ಟದ್ದು ಎಂದೇನು, ಮಾರೆಟ್ ತಾನೇ ಹಿಡಿದು ತಂದಳು, ಅಮ್ಮಾ ಇವನು ತಟ್ಟೆ ಚೆನ್ನಾಗಿ ಎಸೀತಾನೆ ಎಂದು, ಹುಡುಗನ ಗುಣ ಹೇಳು ಎಂದರೆ ತಟ್ಟೆ ಎಸೆಯುವುದನ್ನು ಹೇಳಿದಳು, ತಾಯಿ ಲೀಡೆ ಆ ದಿನ ನಕ್ಕ ನಗು ಇನ್ನೂ ಗಂಟಲಲ್ಲೇ ಇದೆ. ಪ್ಲಾಸ್ಟಿಕ್ ತಟ್ಟೆಯನ್ನು ಎಸೆದೆಸೆದು ಬುಟ್ಟಿಗೆ ಬೀಳಿಸುವ ಈ ಆಟದಲ್ಲಿ ಉಳಿದಿರುವುದು ಕೊನೆಯ ಬುಟ್ಟಿ, ಎಲ್ಲಕ್ಕಿಂತ ಉದ್ದದ್ದು, ಎಸೆಯುವ ಕಟ್ಟೆಯ ಮೇಲೆ ನಿಂತರೆ ಬುಟ್ಟಿ ಕಾಣುವುದೇ ಇಲ್ಲ, ಮೊದಲು ಹುಲ್ಲುಗಾವಲು, ಆಮೇಲೆ ಜೌಗಿನ ಅಂಚು ಹಿಡಿದು ಎಡಕ್ಕೆ ತಿರುಗಬೇಕು, ಪೈನ್ ಮರಗಳ ನಡುವಿನ ಓಣಿ, ಅದರಾಚೆ ಏರು, ಏರಿನ ತಲೆಯಲ್ಲಿ ಸರಪಳಿ ಇಳಿಬಿಟ್ಟ ಬುಟ್ಟಿ, ಅಲ್ಲಿಂದ ಸ್ಮಶಾನದ ಮರಗಳು ಕಾಣುತ್ತವೆ — ಐದು ಎಸೆತದಲ್ಲಿ ಮುಗಿಸಬೇಕೆಂದು ಹಲಗೆಯ ಮೇಲೆ ಬರೆದಿದ್ದಾರೆ, ಬರೆದವರಿಗೆ ಲೀಡೆಯ ಭುಜ ಗೊತ್ತಿಲ್ಲ. ಹುಡುಗರು ಇದನ್ನು ಬೈದುಕೊಳ್ಳುತ್ತಾರೆ, ಇದು ಆಟವಲ್ಲ ತೀರ್ಥಯಾತ್ರೆ ಎಂದು, ಆಗಲಿ, ಯಾತ್ರೆಯೇ ಆಗಲಿ, ಉದ್ದವಿದ್ದಷ್ಟೂ ಜೊತೆ ನಡೆಯುವುದು ಹೆಚ್ಚು. ಮಾರೆಟ್ ತಂದ ಕಟ್ಟಳೆಯೊಂದಿದೆ, ಇಬ್ಬರೂ ಎಸೆಯಬೇಕು, ಹಿಂದೆ ಯಾವುದು ಬಿತ್ತೋ ಅಲ್ಲಿಂದಲೇ ಇಬ್ಬರೂ ಮತ್ತೆ ಎಸೆಯಬೇಕು, ಮುಂದೆ ಎಸೆದವರು ಹೋಗಿ ತಮ್ಮ ತಟ್ಟೆ ಎತ್ತಿಕೊಂಡು ಹಿಂದಕ್ಕೆ ಬರಬೇಕು — ಕೈ ಪಳಗಲೆಂದು ಬಲ್ಲವರು ಆಡುವ ಕಠಿಣ ಆಟ ಅದು, ಅವಳು ಅದನ್ನು ಅಮ್ಮನಿಗಾಗಿ ಹಿಡಿದಳು, ಇಲ್ದಿದ್ರೆ ನೀನೊಬ್ಬಳೇ ಹಿಂದೆ ಉಳೀತೀಯಲ್ಲಮ್ಮ ಎಂದಳು.

ಎಸೆದಾಯಿತು, ತನ್ನದು ಹುಲ್ಲಿನ ಉರುಳೆಗಳ ಹತ್ತಿರ ಎಡಕ್ಕೆ ವಾಲಿ ಬಿತ್ತು, ಎಂದಿನ ಹಾಗೆ, ಅವನದು ಕೊಕ್ಕರೆಯ ತಲೆಯ ಮೇಲೆ ಹಾದು ಜೌಗಿನ ತಿರುವಿನವರೆಗೂ ಹೋಯಿತು, ಈಗ ಅಷ್ಟು ದೂರ ಹೋಗಿ, ಬಗ್ಗಿ, ತಟ್ಟೆ ಕಂಕುಳಲ್ಲಿಟ್ಟುಕೊಂಡು ವಾಪಸು ಬರುತ್ತಿದ್ದಾನೆ, ಒಮ್ಮೆಯೂ ಬೇಸರದ ಮುಖ ಮಾಡಿದವನಲ್ಲ, ಹಾಲಿನ ಡೈರಿಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ದಿನವೂ ಇಲ್ಲ, ಎಷ್ಟು ಭಾನುವಾರ ಹೀಗೆ ತನ್ನ ಕಡೆಗೆ ಹಿಂದಿರುಗಿ ನಡೆದಿದ್ದಾನೆ, ಅಷ್ಟೂ ನಡಿಗೆಯನ್ನು ಒಂದರ ಮುಂದೊಂದು ಇಟ್ಟರೆ ಅವನು ಎಲ್ಲಿಗಾದರೂ ಹೋಗಿಬಿಡಬಹುದಿತ್ತು. ಹುಲ್ಲು ಎತ್ತರವಿದ್ದಲ್ಲಿ ತಟ್ಟೆ ಮೊದಲು ಕಂಡವರು ಪಕ್ಕದಲ್ಲಿ ನಿಂತು ಕೈಯೆತ್ತಬೇಕು, ಇಲ್ಲಿದೆ ಎಂದು, ಮಾರೆಟ್ ಕೊನೆಯ ಬೇಸಗೆಯಲ್ಲಿ ಅಷ್ಟನ್ನೇ ಮಾಡಿದ್ದು, ಎಸೆಯಲು ತ್ರಾಣವಿರಲಿಲ್ಲ, ಔಷಧಿಗೆ ಕೂದಲು ಹೋಗಿತ್ತು, ನೀನು ಮನೇಲಿರು ಮಗೂ ಎಂದರೆ ಯಾರಮ್ಮ ನಿನ್ನ ತಟ್ಟೆ ಹುಡುಕೋರು, ನಿನಗೆ ಕಣ್ಣೂ ಇಲ್ಲ ಕೈಯೂ ಇಲ್ಲ ಎಂದು ಮುಂದೆ ಹೋಗಿ ನಿಲ್ಲುತ್ತಿದ್ದಳು, ಕೆಂಪು ಉಣ್ಣೆಯಂಗಿಯ ತೋಳು ಹುಲ್ಲಿನ ಮೇಲೆ ಎದ್ದು ನಿಲ್ಲುತ್ತಿತ್ತು, ಆ ತೋಳನ್ನೇ ನೋಡುತ್ತ ಲೀಡೆ ನಡೆಯುತ್ತಿದ್ದಳು, ದೇವರೇ, ನಿನ್ನ ಸನ್ನಿಧಿಯಲ್ಲಿ ಅವಳನ್ನು ನೆನಪಿನಲ್ಲಿಡು, ಅವಳು ಹೋಗಿ ಎರಡು ಚಳಿಗಾಲ ಕಳೆದವು, ನೀನು ಮರೆಯುವವನಲ್ಲ, ಆದರೂ ಕೇಳುತ್ತೇನೆ, ಕೇಳುವುದನ್ನು ಬಿಟ್ಟರೆ ನನಗೆ ಇನ್ನೇನು ಕೆಲಸ.

ಉರುಳೆಗಳ ಬಳಿಯಿಂದ ಮತ್ತೆ ಎಸೆದರು, ಮತ್ತೆ ಅವನು ಹೋದ, ಮತ್ತೆ ಬಂದ, ಈಗ ಜೌಗಿನ ತಿರುವು, ಪೈನ್ ಓಣಿಯ ಬಾಯಿ, ಸೊಳ್ಳೆಗಳು, ಐವಾರ್ ಗಡ್ಡ ಬೋಳಿಸಿದ್ದಾನೆ, ಹೊಸ ಅಂಗಿ, ಇದೆಲ್ಲ ಯಾರಿಗಾಗಿ ಎಂದು ಪಕ್ಕದ ಮನೆಯ ಉಲ್ಲೆ ಬೇಲಿಯ ಮೇಲಿಂದ ಹೇಳಿಯಾಗಿದೆ, ಹಾಲಿನ ಲಾರಿ ಓಡಿಸುವ ಮೆರ್ಲೆ, ಗಟ್ಟಿ ದನಿಯವಳು, ನಕ್ಕರೆ ಹಟ್ಟಿಯ ಹಸುಗಳು ತಿರುಗಿ ನೋಡುತ್ತವಂತೆ, ಕೆಟ್ಟವಳೇನಲ್ಲ, ಕೆಟ್ಟವಳಾಗಿದ್ದರೆ ಎಷ್ಟು ಸುಲಭವಿತ್ತು — ಅತ್ತೆ, ಎಂದ ಅವನು, ತಟ್ಟೆಯನ್ನು ಪ್ಯಾಂಟಿಗೆ ಒರೆಸುತ್ತ, ರೂಪಾಂತರದ ಹಬ್ಬದ ದಿನ, ಸಮಾಧಿ ಮೇಲಿನ ಊಟಕ್ಕೆ, ಮೆರ್ಲೆನೂ ಕರ್ಕೊಂಡು ಬರ್ಲಾ, ನೀವು ಬೇಡ ಅಂದ್ರೆ ಬೇಡ, ಮತ್ತೆ ಕೇಳಲ್ಲ. ಅಂತೂ ಎತ್ತಿದ ಕಾಲು ಇಟ್ಟುಬಿಟ್ಟ. ವರ್ಷವರ್ಷವೂ ಆ ಹಬ್ಬಕ್ಕೆ ಸಮಾಧಿಯ ಮಣ್ಣದಿಬ್ಬದ ಮೇಲೆ ಹಾಸುವ ಕಸೂತಿ ಬಟ್ಟೆ, ಸೋಂಪು ಹಾಕಿದ ಗಿಣ್ಣು, ಹೊಗೆಯಾಡಿಸಿದ ಮೀನು, ಸತ್ತವರಿಗೊಂದು ಪಾಲು, ಆ ಬಟ್ಟೆಯ ಸುತ್ತ ಕೂರುವವರು ಮನೆಯವರು, ಅವಳು ಅಲ್ಲಿ ಕೂತರೆ ಮನೆಯವಳಾದಳು, ಆಗ ಲೀಡೆ ಯಾರು, ಮಗಳಿಲ್ಲದ ಮೇಲೆ ಅತ್ತೆ ಎನ್ನುವುದು ಯಾವ ಗೂಟಕ್ಕೆ ಕಟ್ಟಿದ ಹಗ್ಗ, ಯಾರನ್ನು ಅತ್ತೆ ಎಂದು ಕರೆಯುತ್ತಾನೆ ಇವನು, ಮೆರ್ಲೆಯ ತಾಯಿಯನ್ನು, ವ್ಯಾರ್ಸ್ಕಾದಲ್ಲಿ ಇದ್ದಾಳಂತೆ, ಗಟ್ಟಿಮುಟ್ಟಾಗಿ, ಎರಡು ಕಣ್ಣೂ ಎರಡು ಭುಜವೂ ಸರಿಯಿದ್ದು. ಎಸಿ ಮೊದಲು, ಎಂದಳು ಲೀಡೆ.

ಎಸೆದ, ಮೊದಲ ಮರಕ್ಕೇ ಬಡಿಯಿತು, ಟಪ್ ಎಂದ ಸದ್ದು ಜೌಗಿನವರೆಗೂ ಹೋಯಿತು, ತಟ್ಟೆ ಹಿಂದಕ್ಕೆ ಚಿಮ್ಮಿ, ಅವರಿಬ್ಬರ ಬೆನ್ನ ಹಿಂದೆ, ಹಳ್ಳದ ಜೊಂಡಿನಲ್ಲಿ — ಕಣ್ಣು ಕಟ್ಟಿದರೂ ಈ ಓಣಿಯಲ್ಲಿ ಹಾಯಿಸುವವನು, ನನ್ನ ಕಂಡರೆ ಇಷ್ಟೊಂದು ಹೆದರಿಕೆಯೇ, ಅಥವಾ ಅದು ಹೆದರಿಕೆಯಲ್ಲವೋ. ಲೀಡೆ ಮಾರೆಟ್‌ಳ ಹಳೆಯ ತಟ್ಟೆ ತೆಗೆದಳು, ಅಂಚು ಸವೆದದ್ದು, ಏನೂ ಯೋಚಿಸದೆ ಬಿಟ್ಟಳು, ಅದು ಎಡಕ್ಕೂ ವಾಲದೆ ಬಲಕ್ಕೂ ವಾಲದೆ ಓಣಿಯ ನಡುವೆ ತೇಲಿ ತೇಲಿ ಏರಿನ ಬುಡಕ್ಕೆ ಹೋಗಿ ಕೂತಿತು, ಬೆಳಗಿನಿಂದ ಏನ್ ತಿಂದಿದ್ದೀರಿ ಅತ್ತೆ ಎಂದ ಐವಾರ್, ಜೊಂಡಿನ ಕಡೆ ಇಳಿದು ಹೋದ, ಅವಳು ಮುಂದೆ ನಡೆದಳು, ಒಬ್ಬಳೇ, ಈ ಓಣಿಯಲ್ಲಿ ಮೊದಲ ಬಾರಿಗೆ ಎಲ್ಲರಿಗಿಂತ ಮುಂದೆ, ಎಷ್ಟು ನಿಶ್ಶಬ್ದ ಇಲ್ಲಿ, ಮುಂದೆ ಎಸೆಯುವವರು ಇಷ್ಟು ಒಂಟಿಯೆಂದು ಯಾರೂ ಹೇಳಿರಲಿಲ್ಲ, ತಟ್ಟೆ ಎತ್ತಿಕೊಂಡಳು, ಮೇಲೆ ಬುಟ್ಟಿ ಕಾಣುತ್ತಿದೆ, ಅದರ ಪಕ್ಕ ಮನೆಗೆ ಹೋಗುವ ಕಾಲುದಾರಿ, ಮಂಡಿ ನೋವು ಎಂದರೆ ಸಾಕು, ಆಟ ಇವತ್ತಿಗೆ ಬಿಡೋಣ ಎಂದರೆ ಸಾಕು, ಅವನು ಮತ್ತೆ ಕೇಳುವುದಿಲ್ಲ, ಹೇಳಿದಂತೆ ನಡೆಯುವವನು, ಹಬ್ಬದ ದಿನ ಒಬ್ಬನೇ ಬಂದು ಬಟ್ಟೆಯ ಅಂಚಿನಲ್ಲಿ ಕೂತು ಮೀನಿನ ಮುಳ್ಳು ಬಿಡಿಸುತ್ತಾನೆ, ಮುಂದಿನ ವರ್ಷವೂ, ಅದರ ಮುಂದಿನ ವರ್ಷವೂ, ಕಟ್ಟಳೆ ಏನು ಹೇಳುತ್ತದೆ ಮಾರೆಟ್, ಹೇಳು, ಮುಂದೆ ಎಸೆದವರು ಹಿಂದಕ್ಕೆ ನಡೆಯಬೇಕು, ಅವನೇ ನಡೆಯಬೇಕು ಎಂದು ಹೇಳುವುದಿಲ್ಲವಲ್ಲ. ತಿರುಗಿದಳು. ಪೈನ್ ಬೇರುಗಳ ಮೇಲೆ ಕಾಲಿಡುತ್ತ, ಮಂಡಿ ನಿಜವಾಗಿಯೂ ನೋಯುತ್ತಿದೆ, ಹಬ್ಬಕ್ಕೆ ದೊಡ್ಡ ಬಟ್ಟೆಯೇ ಬೇಕಾಗುತ್ತದೆ, ನನ್ನ ಅಮ್ಮನ ಕಾಲದ್ದು, ಇಸ್ತ್ರಿ ಮಾಡಬೇಕು, ಓಣಿಯ ಬಾಯಿಗೆ ಬಂದಾಗ ಹಳ್ಳದ ಹತ್ತಿರ ಅವನು, ಮೊಣಕಾಲವರೆಗೆ ಜೊಂಡು, ಕೈ ಮೇಲೆತ್ತಿ — ಐವಾರ್, ಅವಳಿಗೆ ಹೇಳು, ಮೊಟ್ಟೆ ಅವಳೇ ಬೇಯಿಸ್ಕೊಂಡು ಬರಲಿ, ಗಟ್ಟಿಯಾಗಿ, ಮಾರೆಟ್‌ಗೆ ಅರೆಬೆಂದದ್ದು ಸೇರಲ್ಲ. ಕೇಳಿಸಿತು, ಕೇಳಿಸಿದ್ದು ಅವನ ಭುಜದಲ್ಲಿ ಕಂಡಿತು, ಹೂಂ ಅತ್ತೆ ಎಂದ, ಅವಳು ಹತ್ತಿರ ಬಂದಳು, ತಟ್ಟೆ ಕಾಣುತ್ತಲೇ ಇದೆ, ಹಳದಿ ಬಣ್ಣದ್ದು, ನೀರಿನಂಚಿನಲ್ಲಿ, ಕುರುಡಿಗೂ ಕಾಣುವಷ್ಟು, ಕೈ ಇಳಿಸಪ್ಪ, ನಂಗೆ ಕಾಣ್ತಾ ಇದೆ, ಇಳಿಸಲಿಲ್ಲ, ಮುಖ ಬೇರೆ ಕಡೆ ತಿರುಗಿಸಿದ್ದಾನೆ, ಜೊಂಡಿನ ಮೇಲೆ ಆ ಕೈ, ನೆಟ್ಟಗೆ, ಇಲ್ಲಿದೆ ಎಂದು ಎತ್ತಿದ್ದು ಎತ್ತಿದ ಹಾಗೆಯೇ, ಆ ಕೈ —